ಇದೆಲ್ಲ ಯಾತಕ್ಕೆ ಅಂತ ಕೇಳುವ ಮುಂಚೆ

(ಗದಗಿನಲ್ಲಿ ಒಂದು ಸಂಜೆ ಮಾಡಿದ ಉಪನ್ಯಾಸದ ಬರಹ ರೂಪ)

ಹೆಸರು ಬಿತ್ತುವ ಹಂಗಾಮಿನಲ್ಲಿ ಬದುಕಿನ ಅರ್ಥ ಏನು ಅಂತ ಕೇಳುವವರನ್ನು ನಾನಂತೂ ನೋಡಿಲ್ಲ. ರೋಹಿಣಿ ಮಳೆ ಆಗಿ ಎರೆ ಹೊಲ ಹದಕ್ಕೆ ಬಂದಿರುತ್ತದೆ, ಕೂರಿಗೆ ಹೂಡಬೇಕು, ಆಳು ಸಿಗುವುದಿಲ್ಲ, ಬೀಜ-ಗೊಬ್ಬರದ ಅಂಗಡಿ ಮುಂದೆ ಪಾಳಿ ಹಚ್ಚಬೇಕು. ಆಗ ತಲೆಯಲ್ಲಿ ಇರುವ ಪ್ರಶ್ನೆ ಒಂದೇ: ನಾಳೆ ಮಳೆ ಹೊರಪು ಕೊಡುತ್ತದೋ ಇಲ್ಲವೋ. ಅದೇ ಮನುಷ್ಯ ಸುಗ್ಗಿ ಮುಗಿದ ಮೇಲೆ, ಏಪ್ರಿಲ್ ಬಿಸಿಲಿನಲ್ಲಿ ಹನುಮಪ್ಪನ ಗುಡಿ ಕಟ್ಟೆ ಮೇಲೆ ಕೂತು, "ಏನೈತ್ರಿ ಈ ಜೀವನದಾಗ?" ಅಂತಾನೆ.

ಹೀಗೆ ಹೇಳಿದ ತಕ್ಷಣ ಕೆಲವರಿಗೆ ಖುಷಿ ಆಗುತ್ತದೆ. ಕೆಲಸ ಇಲ್ಲದವರ ಪ್ರಶ್ನೆ ಅಂತ ತಳ್ಳಿಬಿಡಬಹುದಲ್ಲ! ನಮ್ಮ ಹಿರಿಯರೂ ಹಾಗೇ ಮಾಡುತ್ತಿದ್ದರು. ಹುಡುಗ ಸ್ವಲ್ಪ ಮಂಕಾಗಿ ಕೂತರೆ ಸಾಕು, "ಇವಗ ಮದಿವಿ ಮಾಡ್ರಿ" ಅಂದುಬಿಡುವುದು. ಮದುವೆ ಆದ ಮೇಲೆ ಅವನಿಗೆ ಕೇಳಲು ಪುರುಸೊತ್ತು ಇರುವುದಿಲ್ಲ ಅನ್ನುವುದು ನಿಜ. ಉತ್ತರ ಸಿಕ್ಕಿತು ಅನ್ನುವುದು ಮಾತ್ರ ಸುಳ್ಳು.

ಟಾಲ್‌ಸ್ಟಾಯ್ ಕಥೆ ಕೇಳಿ. ರಷ್ಯಾದ ಆ ದೊಡ್ಡ ಲೇಖಕನಿಗೆ ಆಗ ಐವತ್ತರ ಆಸುಪಾಸು. ಜಮೀನು ಇತ್ತು, ಹೆಂಡತಿ ಮಕ್ಕಳಿದ್ದರು, ಆರೋಗ್ಯ ಗಟ್ಟಿಯಾಗಿತ್ತು, ಬರೆದ ಎರಡು ಮಹಾ ಕಾದಂಬರಿಗಳಿಂದ ಹೆಸರು ದೇಶ ದಾಟಿತ್ತು. ಅಂಥವನು, ಎಲ್ಲಿ ತಾನೇ ಜೀವ ಕಳೆದುಕೊಂಡುಬಿಡುತ್ತೇನೋ ಅಂತ ಮನೆಯಲ್ಲಿದ್ದ ಹಗ್ಗವನ್ನು ತನ್ನಿಂದಲೇ ಬಚ್ಚಿಟ್ಟ, ಬಂದೂಕು ಹಿಡಿದು ಬೇಟೆಗೆ ಹೋಗುವುದನ್ನು ಬಿಟ್ಟ ಅಂತ ಆತನೇ ಬರೆದಿದ್ದಾನೆ. ಜಮೀನು ಇನ್ನೂ ಜಾಸ್ತಿ ಮಾಡಬಹುದು, ಸರಿ, ಆಮೇಲೆ? ಎಲ್ಲರಿಗಿಂತ ದೊಡ್ಡ ಲೇಖಕ ಆಗಬಹುದು, ಸರಿ, ಆಮೇಲೆ? ಈ "ಆಮೇಲೆ" ಅವನನ್ನು ತಿಂದುಹಾಕಿತು. ಕೊನೆಗೆ ಅವನಿಗೆ ಸ್ವಲ್ಪ ದಾರಿ ಕಂಡಿದ್ದು ತನ್ನ ಸುತ್ತಲಿದ್ದ ರೈತರನ್ನು ನೋಡಿ. ಅವರು ಜಾಸ್ತಿ ದುಡಿಯುತ್ತಿದ್ದರು, ಕಮ್ಮಿ ಉಣ್ಣುತ್ತಿದ್ದರು, ಆದರೂ ಅವರಿಗೆ ಹಗ್ಗ ಬಚ್ಚಿಡುವ ಪ್ರಮೇಯ ಇರಲಿಲ್ಲ ಅಂತ ಅವನ ಲೆಕ್ಕ. ಆ ಲೆಕ್ಕ ಪೂರ್ತಿ ಸರಿ ಅಂತ ನಾನು ಒಪ್ಪುವುದಿಲ್ಲ. ನಮ್ಮ ಕಡೆ ರೈತರ ಮನೆಗಳಲ್ಲಿ ಏನಾಗಿದೆ ಅಂತ ನಿಮಗೆಲ್ಲ ಗೊತ್ತು. ದೊಡ್ಡ ಮನೆಯ ಕಿಟಕಿಯಿಂದ ನೋಡಿದರೆ ಬಡವರ ನೆಮ್ಮದಿ ಜಾಸ್ತಿ ಚೆಂದ ಕಾಣುತ್ತದೆ.

ಇಲ್ಲಿ ಒಂದು ಮಾತು ಬೇರೆಯಾಗಿಯೇ ಹೇಳಿಬಿಡುತ್ತೇನೆ. ಯಾರಾದರೂ ನಿಮ್ಮ ಮುಂದೆ "ಯಾತಕ್ಕ ಬದಕಬೇಕು" ಅಂದರೆ, ನಾನು ಇವತ್ತು ಇಲ್ಲಿ ಹೇಳುವ ತತ್ವಜ್ಞಾನವನ್ನು ಅವರಿಗೆ ಹೇಳಲು ಹೋಗಬೇಡಿ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಯಾರ ಜೊತೆಗೂ ಮಾತಿಲ್ಲ ಅನ್ನುವ ಸ್ಥಿತಿ ಇದ್ದರೆ ಅದು ಕಾಯಿಲೆ ಇರಬಹುದು, ಅದಕ್ಕೆ ಔಷಧ ಇದೆ, ಡಾಕ್ಟರು ಇದ್ದಾರೆ. ಧಾರವಾಡದ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇರುವುದು ಅದಕ್ಕೇ. ಅಲ್ಲಿಗೆ ಹೋಗುವುದು ಆಗದಿದ್ದರೆ ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416. ದುಡ್ಡು ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೊದಲು ಅವರ ಪಕ್ಕ ಕೂತುಕೊಳ್ಳಿ, ಆಮೇಲೆ ಫೋನ್ ಹಚ್ಚಿಕೊಡಿ.

ಈಗ ನಮ್ಮ ವಿಷಯಕ್ಕೆ ಬರೋಣ. ಈ ಪ್ರಶ್ನೆಯ ಬಗ್ಗೆ ನನಗೆ ಒಂದು ಗುಮಾನಿ ಇದೆ. ಬದುಕಿನ ಉದ್ದೇಶ ಏನು ಅಂತ ಕೇಳುವವರು ಬಹಳ ಸಲ ಬೇರೆ ಏನನ್ನೋ ಕೇಳುತ್ತಿರುತ್ತಾರೆ. ಆ ಬೇರೆ ಪ್ರಶ್ನೆಗೆ ಉತ್ತರ ಇರುತ್ತದೆ. ಈ ದೊಡ್ಡ ಪ್ರಶ್ನೆಯನ್ನು ಅದರ ಮುಂದೆ ಅಡ್ಡ ಇಟ್ಟುಕೊಂಡಿದ್ದರಿಂದ ಅದು ಕಾಣುವುದಿಲ್ಲ, ಅಷ್ಟೇ.

ಮೊದಲು "ನಾವೆಷ್ಟು ಸಣ್ಣವರು" ಅನ್ನುವ ಮಾತು ತೆಗೆದುಕೊಳ್ಳಿ. ವಿಶ್ವಕ್ಕೆ ಸುಮಾರು 1380 ಕೋಟಿ ವರ್ಷ ವಯಸ್ಸು. ಭೂಮಿಗೆ 450 ಕೋಟಿ ವರ್ಷದ ಮೇಲೆ. ಇನ್ನು 500 ಕೋಟಿ ವರ್ಷಕ್ಕೆ ಸೂರ್ಯನ ಇಂಧನ ಮುಗಿಯುತ್ತದೆ, ಭೂಮಿಯ ಸಮುದ್ರಗಳು ಅದಕ್ಕೂ ಬಹಳ ಮೊದಲೇ ಆರಿಹೋಗುತ್ತವೆ. ಇದರೊಳಗೆ ಎಪ್ಪತ್ತು ಎಂಬತ್ತು ವರ್ಷ ಬದುಕಿ ಹೋಗುವ ನಮಗೆ ಏನು ಬೆಲೆ ಅಂತ ಹೇಳುವವರಿದ್ದಾರೆ. ಯೂಟ್ಯೂಬಿನಲ್ಲಿ ಹಿಂದೆ ಒಂದು ಕೊಳಲು ಹಚ್ಚಿ ಇದನ್ನೇ ಹೇಳಿದರೆ ಎದೆ ಭಾರ ಆಗುತ್ತದೆ.

ಆದರೆ ಇದಕ್ಕೆ ಥಾಮಸ್ ನೇಗಲ್ ಅನ್ನುವ ಅಮೆರಿಕದ ತತ್ವಜ್ಞಾನಿ 1971ರಲ್ಲೇ ಚೆನ್ನಾಗಿ ಉತ್ತರ ಕೊಟ್ಟಿದ್ದಾನೆ. ನಾವು ಇವತ್ತು ಮಾಡಿದ್ದು ಹತ್ತು ಲಕ್ಷ ವರ್ಷದ ಮೇಲೆ ಲೆಕ್ಕಕ್ಕೆ ಬರುವುದಿಲ್ಲ ಅಂತ ನೀವು ಅಂತೀರಿ. ಬಹಳ ಒಳ್ಳೆಯದು. ಹಾಗಾದರೆ ಅದೇ ನ್ಯಾಯದಲ್ಲಿ, ಹತ್ತು ಲಕ್ಷ ವರ್ಷದ ಮೇಲೆ ಆಗುವುದು ಇವತ್ತು ಯಾಕೆ ಲೆಕ್ಕಕ್ಕೆ ಬರಬೇಕು? ಆಗ ನಮ್ಮನ್ನು ಕೇಳುವವರು ಯಾರೂ ಇರುವುದಿಲ್ಲ ಅನ್ನುವ ಸಂಗತಿ ಈಗ ನಮಗೆ ಯಾಕೆ ತ್ರಾಸು ಕೊಡಬೇಕು? ಇನ್ನೂ ಒಂದು ಮಾತಿದೆ. ನಾವು ಎಪ್ಪತ್ತು ವರ್ಷದ ಬದಲು ಎಪ್ಪತ್ತು ಕೋಟಿ ವರ್ಷ ಬದುಕಿದ್ದರೆ, ಅರ್ಥ ಇಲ್ಲದ ಬದುಕು ಆಗಲೂ ಅರ್ಥ ಇಲ್ಲದ್ದೇ. ಬರೀ ಉದ್ದ ಆಗಿರುತ್ತಿತ್ತು. ಮಗುವಿನ ಹಲ್ಲು ನೋವು ಸೂರ್ಯನಿಗಿಂತ ಸಣ್ಣದು ಅಂತ ಯಾವ ತಾಯಿಯೂ ಸುಮ್ನೆ ಮಲಗುವುದಿಲ್ಲ. ಗಾತ್ರಕ್ಕೂ ಬೆಲೆಗೂ ಗಂಟು ಹಾಕಿದವರು ಯಾರೋ, ಅದನ್ನು ಬಿಚ್ಚಿಬಿಟ್ಟರೆ ಈ ವಾದ ಅಲ್ಲಿಗೆ ಮುಗಿಯಿತು.

ಇನ್ನೊಂದು ಸ್ವಲ್ಪ ಗಟ್ಟಿ ವಾದ. ನಮ್ಮನ್ನು ಯಾರೋ ಒಂದು ಕಾರಣಕ್ಕೆ ಇಲ್ಲಿ ಕಳಿಸಿದ್ದಾರೆ, ಆ ಕಾರಣ ಗೊತ್ತಾದರೆ ಎಲ್ಲ ಸರಿಹೋಗುತ್ತದೆ ಅನ್ನುವುದು. ಒಂದು ಕ್ಷಣ ಯೋಚನೆ ಮಾಡಿ. ಜಾತ್ರೆಗೆ ಅಂತ ಒಂದು ಕುರಿಮರಿ ಬಿಟ್ಟಿರುತ್ತಾರೆ. ಅದಕ್ಕೆ ಅರಿಶಿನ ಹಚ್ಚುತ್ತಾರೆ, ಓಣಿಯಲ್ಲಿ ಯಾರ ಮನೆ ಮುಂದೆ ಬಂದರೂ ಕಾಳು ಹಾಕುತ್ತಾರೆ, ಹೊಡೆಯುವುದಿಲ್ಲ. ಇಡೀ ಊರಿನಲ್ಲಿ ಯಾರ ಬದುಕಿನ ಉದ್ದೇಶ ಅತ್ಯಂತ ಸ್ಪಷ್ಟ ಇದೆ ಅಂದರೆ ಅದರದ್ದೇ. ತಾರೀಖು ಸಮೇತ ಸ್ಪಷ್ಟ ಇದೆ! ಅದರ ಜಾಗದಲ್ಲಿ ನಿಲ್ಲಲು ನಿಮ್ಮಲ್ಲಿ ಎಷ್ಟು ಮಂದಿ ತಯಾರಿದ್ದೀರಿ?

ರಾಬರ್ಟ್ ನೋಝಿಕ್ ಅನ್ನುವ ತತ್ವಜ್ಞಾನಿ ಇದನ್ನೇ ಇನ್ನೊಂದು ರೀತಿ ಕೇಳುತ್ತಾನೆ. ಎಲ್ಲೋ ದೂರದ ನಕ್ಷತ್ರಗಳ ನಡುವೆ ಓಡಾಡುವ ಯಾರೋ ದೊಡ್ಡವರು ಈ ದಾರಿಯಲ್ಲಿ ಹೋಗುವಾಗ ಅವರಿಗೆ ಊಟಕ್ಕೆ ಇರಲಿ ಅಂತ ಮನುಷ್ಯರನ್ನು ಸೃಷ್ಟಿ ಮಾಡಿದ್ದಾರೆ ಅಂತ ನಾಳೆ ಗೊತ್ತಾಯಿತು ಅಂತಿಟ್ಟುಕೊಳ್ಳಿ. ಉದ್ದೇಶ ಸಿಕ್ಕಿತಲ್ಲ? ಸಮಾಧಾನ ಆಯಿತಾ? ಆಗುವುದಿಲ್ಲ. ಅಂದರೆ ಬರೀ ಉದ್ದೇಶ ಇದ್ದರೆ ನಮಗೆ ಸಾಲುವುದಿಲ್ಲ, ಅದು ಯೋಗ್ಯವಾದ ಉದ್ದೇಶ ಆಗಿರಬೇಕು. ಯೋಗ್ಯವೋ ಅಲ್ಲವೋ ಅಂತ ತೂಗಿ ನೋಡುವವರು ಯಾರು? ಮತ್ತೆ ನಾವೇ.

ಇಲ್ಲಿ ದೈವಭಕ್ತರು ಬೇಜಾರು ಮಾಡಿಕೊಳ್ಳಬಾರದು. ನಾನು ಭಕ್ತಿಯ ವಿರುದ್ಧ ಮಾತಾಡುತ್ತಿಲ್ಲ. ಹುಬ್ಬಳ್ಳಿ ಸಿದ್ಧಾರೂಢ ಮಠಕ್ಕೆ ಹೋಗಿ ಕೈ ಮುಗಿದು ಕೂತವರನ್ನು ನೋಡಿ. ಅವರು ಅಲ್ಲಿ "ನನ್ನನ್ನು ಯಾವ ಕೆಲಸಕ್ಕೆ ಮಾಡಿದ್ದೀ" ಅಂತ ವಿಚಾರಣೆ ನಡೆಸುತ್ತಿರುವುದಿಲ್ಲ. ಅಲ್ಲಿ ಕೂತಿರುವುದೇ ಅವರಿಗೆ ಸಾಕಾಗಿರುತ್ತದೆ. ಭಕ್ತನಿಗೂ ಭಗವಂತನಿಗೂ ಇರುವ ಸಂಬಂಧದಲ್ಲಿ ಬೆಲೆ ಇದೆ ಅಂತ ಅವರ ನಂಬಿಕೆ, ಉಪಯೋಗಕ್ಕೆ ಬೀಳುವುದರಲ್ಲಿ ಅಲ್ಲ. ನಮ್ಮ ಹಳೆಯ ಶಾಸ್ತ್ರಗಳೂ ಒಂದೇ ಗುರಿ ಅಂತ ಹಟ ಹಿಡಿಯಲಿಲ್ಲ. ಧರ್ಮ, ಅರ್ಥ, ಕಾಮ, ಮೋಕ್ಷ ಅಂತ ನಾಲ್ಕು ಇಟ್ಟರು. ದುಡ್ಡು ದುಡಿಯುವುದಕ್ಕೂ, ಗಂಡು-ಹೆಣ್ಣಿನ ಸುಖಕ್ಕೂ ಜಾಗ ಕೊಟ್ಟರು. ಆ ನಾಲ್ಕರ ನಡುವೆ ಜಗಳ ಬಂದರೆ ಏನು ಮಾಡಬೇಕು ಅಂತ ಸಾವಿರಾರು ವರ್ಷ ವಾದ ಮಾಡಿದರು ಅನ್ನುವುದು ಬೇರೆ ಮಾತು.

ವಿಜ್ಞಾನ ಓದಿದ ಹುಡುಗರು ಇಲ್ಲಿ ಕೈ ಎತ್ತುತ್ತಾರೆ. "ಸರ್, ಸಂತಾನ ಬೆಳೆಸೋದೇ ಉದ್ದೇಶ, ಡಾರ್ವಿನ್ ಹೇಳಿದ್ದಾನೆ." ಡಾರ್ವಿನ್ ಹಾಗೆ ಹೇಳಿಲ್ಲ. ಚಳಿಗಾಲದಲ್ಲಿ ಮಾಗಡಿ ಕೆರೆಗೆ ಹೋಗಿ ನೋಡಿ, ಇಲ್ಲೇ ಶಿರಹಟ್ಟಿ ಹತ್ತಿರ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ನೀರಿನ ತುಂಬ ಕೂತಿರುತ್ತವೆ, ಸುತ್ತಲಿನ ಹೊಲಕ್ಕೆ ಇಳಿದು ಮೇಯುತ್ತವೆ. ಅವು ಯಾಕೆ ಬರುತ್ತವೆ ಅಂದರೆ ಕಾರಣ ಹೇಳಬಹುದು. ಅಲ್ಲಿ ಹಿಮ ಬೀಳುತ್ತದೆ, ಇಲ್ಲಿ ಮೇವು ಇದೆ, ಹೀಗೆ ವಲಸೆ ಬಂದ ಹಕ್ಕಿಗಳ ಮರಿಗಳು ಉಳಿದವು. ಇದು ಹೇಗೆ ಆಯಿತು ಅನ್ನುವುದರ ವಿವರಣೆ. ಹೀಗೇ ಆಗಬೇಕು ಅಂತ ಹಕ್ಕಿಗೆ ಯಾರೂ ಆರ್ಡರ್ ಕೊಟ್ಟಿಲ್ಲ. ಜೀವವಿಕಾಸ ನಮ್ಮನ್ನು ಹೀಗೆ ಮಾಡಿದೆ ಅಂದ ಮಾತ್ರಕ್ಕೆ ನಾವು ಅದರ ಸೇವೆ ಮಾಡಬೇಕು ಅಂತೇನೂ ಆಗುವುದಿಲ್ಲ. ಮಕ್ಕಳಾಗದವರ ಬದುಕು ವ್ಯರ್ಥ ಅಂತ ಹೇಳಲು ಕೆಲವರು ಈ ವಾದ ಎತ್ತುತ್ತಾರೆ. ಅದು ವಿಜ್ಞಾನವೂ ಅಲ್ಲ, ಸೌಜನ್ಯವೂ ಅಲ್ಲ.

ಧಾರವಾಡದ ಸಪ್ತಾಪುರದ ಕಡೆ ಹೋದವರಿಗೆ ನಾನೀಗ ಹೇಳುವುದು ಗೊತ್ತಿರುತ್ತದೆ. ಬೀದಿ ಬೀದಿಗೆ ಕೋಚಿಂಗ್ ಸೆಂಟರ್, ರೀಡಿಂಗ್ ರೂಮು, ಖಾನಾವಳಿ, ಝೆರಾಕ್ಸ್ ಅಂಗಡಿ. ಒಂದು ರೂಮಿಗೆ ಮೂರು-ನಾಲ್ಕು ಹುಡುಗರು. ಗೋಡೆ ಮೇಲೆ ಭಾರತದ ನಕಾಶೆ, ಅದರ ಪಕ್ಕ ಪೆನ್ನಿನಿಂದ ಬರೆದ ಟೈಮ್ ಟೇಬಲ್. ಕೆಎಎಸ್, ಪಿಎಸ್‌ಐ, ಪಿಡಿಓ, ಎಫ್‌ಡಿಎ, ಯಾವ ಸರ್ಕಾರಿ ನೌಕರಿಗೆ ಕರೆ ಬಂದರೂ ಅರ್ಜಿ ಹಾಕುವುದು. ಉದ್ದೇಶ ಅಂದರೆ ಹೇಗಿರಬೇಕು ಅಂತ ಇವರನ್ನು ನೋಡಿ ಕಲಿಯಬೇಕು, ಅಷ್ಟು ಗಟ್ಟಿ. ಆದರೆ ಇವರ ಜೊತೆ ಮಾತಿಗೆ ಕೂತರೆ ಒಂದು ಮಾತು ಪದೇ ಪದೇ ಬರುತ್ತದೆ: "ಪೋಸ್ಟ್ ಆಗ್ಲಿ ಸರ್, ಆಮ್ಯಾಲೆ ಜೀವನ." ಅಂದರೆ ಈಗ ನಡೆಯುತ್ತಿರುವುದು ಜೀವನ ಅಲ್ಲ! ಅಕ್ಕನ ಮದುವೆಗೆ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬಂದವರಿದ್ದಾರೆ. ಕರೆ ಮುಂದೆ ಹೋಗುತ್ತದೆ, ಪರೀಕ್ಷೆ ರದ್ದಾಗುತ್ತದೆ, ಕೇಸು ಕೋರ್ಟಿಗೆ ಹೋಗುತ್ತದೆ, ವಯಸ್ಸು ಮಾತ್ರ ನಿಲ್ಲುವುದಿಲ್ಲ.

ರೋಣ ತಾಲೂಕಿನ ಕಡೆಯ ಒಬ್ಬ ಹುಡುಗ ನನಗೆ ಪರಿಚಯ. ಅವನೂ ಇದನ್ನೇ ಹೇಳಿದ. ದಿನಾ ಏನು ಮಾಡುತ್ತೀ ಅಂತ ಕೇಳಿದೆ. ಓದುವುದು ಬಿಟ್ಟು ಏನೂ ಇಲ್ಲ ಅಂದ. ಮಾತಾಡುತ್ತಾ ಹೋದ ಹಾಗೆ ಗೊತ್ತಾಯಿತು, ರಾತ್ರಿ ಊಟ ಆದ ಮೇಲೆ ಪಕ್ಕದ ರೂಮಿನ ಹೊಸ ಹುಡುಗರಿಗೆ ಗಣಿತ ಹೇಳಿಕೊಡುತ್ತಾನೆ. ಶೇಕಡಾವಾರು, ಲಾಭ-ನಷ್ಟ, ಕೆಲಸ ಮತ್ತು ಸಮಯ. ಅವರಲ್ಲಿ ಇಬ್ಬರಿಗೆ ಇವನಿಗಿಂತ ಮೊದಲೇ ನೌಕರಿ ಆಗಿದೆ. "ಇದನ್ನು ನೀನು ಲೆಕ್ಕಕ್ಕೆ ಹಿಡಿಯಲಿಲ್ಲವಲ್ಲ" ಅಂದೆ. "ಅದೇನ್ ಬಿಡ್ರಿ ಸರ್, ಟೈಮ್‌ಪಾಸ್" ಅಂದ. ನನಗೆ ಬೇಕಾದ ಮಾತು ಅಲ್ಲಿತ್ತು. ಒಂದೇ ಗುರಿಯ ಮೇಲೆ ಬದುಕನ್ನು ನೇತುಹಾಕಿದರೆ, ಗುರಿ ತಪ್ಪಿದರೆ ಎಲ್ಲ ಹೋಯಿತು ಅನಿಸುತ್ತದೆ, ಸಿಕ್ಕರೆ ಟಾಲ್‌ಸ್ಟಾಯ್‌ನ "ಆಮೇಲೆ" ಬಂದು ಬಾಗಿಲು ಬಡಿಯುತ್ತದೆ. ನಡುವೆ ನಿಜವಾಗಿ ಬೆಲೆ ಇದ್ದದ್ದಕ್ಕೆ ಟೈಮ್‌ಪಾಸ್ ಅಂತ ಹೆಸರು. ಅವನ ನಿಜವಾದ ಪ್ರಶ್ನೆ, ನನ್ನ ಕೇಳಿದರೆ, ಅವ್ವ-ಅಪ್ಪನಿಗೆ ಮುಖ ಹೇಗೆ ತೋರಿಸಲಿ ಅನ್ನುವುದು. ಅದಕ್ಕೆ ವಿಶ್ವದ ಅರ್ಥ ಗೊತ್ತಾಗಬೇಕಾಗಿಲ್ಲ. ಒಂದು ಸಲ ಊರಿಗೆ ಹೋಗಿ ಬರಬೇಕು.

ಹಾಗಾದರೆ ಪ್ರತಿಯೊಬ್ಬರೂ ತಮ್ಮ ಬದುಕಿಗೆ ತಾವೇ ಅರ್ಥ ಕೊಟ್ಟುಕೊಳ್ಳಬೇಕು, ಅಷ್ಟೇ ಅಲ್ವಾ? ಈಗ ಬಹಳ ಚಾಲ್ತಿಯಲ್ಲಿರುವ ಉತ್ತರ ಇದು. ಇದರ ಹಿಂದೆ ದೊಡ್ಡವರೇ ಇದ್ದಾರೆ. 1945ರಲ್ಲಿ ಪ್ಯಾರಿಸ್ಸಿನಲ್ಲಿ ಮಾಡಿದ ಭಾಷಣದಲ್ಲಿ ಫ್ರಾನ್ಸಿನ ತತ್ವಜ್ಞಾನಿ ಸಾರ್ತ್ರ್ ಹೇಳಿದ್ದು ಸರಳ. ಕಾಗದ ಕತ್ತರಿಸುವ ಚಾಕು ಯಾತಕ್ಕೆ ಅನ್ನುವುದು ಅದನ್ನು ಮಾಡುವ ಮೊದಲೇ ಮಾಡುವವನ ತಲೆಯಲ್ಲಿ ಇರುತ್ತದೆ. ಮನುಷ್ಯ ಹಾಗಲ್ಲ, ಅವನು ಮೊದಲು ಹುಟ್ಟುತ್ತಾನೆ, ಆಮೇಲೆ ತಾನು ಏನು ಅನ್ನುವುದನ್ನು ತನ್ನ ನಡತೆಯಿಂದ ಮಾಡಿಕೊಳ್ಳುತ್ತಾನೆ. ಯುದ್ಧ ಆಗ ತಾನೇ ಮುಗಿದಿತ್ತು, ಜನರಿಗೆ ಆ ಮಾತಿನಲ್ಲಿ ಧೈರ್ಯ ಕಂಡಿರಬೇಕು. ನನಗೂ ಅರ್ಧ ಒಪ್ಪಿಗೆ. ಇನ್ನರ್ಧ ಒಪ್ಪಿಗೆ ಇಲ್ಲ. ಯಾಕೆ ಅಂತ ಹೇಳುತ್ತೇನೆ.

ಗ್ರೀಕರ ಕಥೆಯಲ್ಲಿ ಸಿಸಿಫಸ್ ಅನ್ನುವ ಒಬ್ಬ ರಾಜ. ದೇವತೆಗಳನ್ನು ಮೋಸ ಮಾಡಿದ್ದಕ್ಕೆ ಅವನಿಗೆ ಶಿಕ್ಷೆ ಆಯಿತು. ದೊಡ್ಡ ಬಂಡೆಯನ್ನು ಗುಡ್ಡದ ತುದಿಗೆ ಉರುಳಿಸಿಕೊಂಡು ಹೋಗಬೇಕು. ತುದಿ ಮುಟ್ಟುವಷ್ಟರಲ್ಲಿ ಅದು ಕೆಳಗೆ ಉರುಳುತ್ತದೆ. ಮತ್ತೆ ಇಳಿಯಬೇಕು, ಮತ್ತೆ ಉರುಳಿಸಬೇಕು, ಕೊನೆಯೇ ಇಲ್ಲ. ರಿಚರ್ಡ್ ಟೇಲರ್ ಅನ್ನುವ ತತ್ವಜ್ಞಾನಿ ಇದಕ್ಕೆ ಒಂದು ತಿರುವು ಕೊಟ್ಟ. ದೇವತೆಗಳಿಗೆ ಕನಿಕರ ಬಂದು ಸಿಸಿಫಸ್ಸನ ರಕ್ತಕ್ಕೆ ಏನೋ ಒಂದು ಸೇರಿಸಿದರು ಅಂತಿಟ್ಟುಕೊಳ್ಳಿ. ಅದರಿಂದ ಅವನಿಗೆ ಕಲ್ಲು ಉರುಳಿಸುವುದು ಅಂದರೆ ಪಂಚಪ್ರಾಣ ಆಯಿತು, ಬೇರೆ ಏನೂ ಬೇಡ. ಈಗ ಅವನ ಬದುಕಿಗೆ ಅರ್ಥ ಬಂತಾ? ಬಂತು ಅಂತ ಟೇಲರ್ ಆಗ ವಾದ ಮಾಡಿದ. ಅವನಿಗೆ ಖುಷಿ ಆಗಿದೆ, ಸರಿ. ಆದರೆ ನಮ್ಮ ಮಗ ಹಾಗೆ ಆದರೆ ನಾವು ಸುಮ್ಮನಿರುತ್ತೇವಾ? ಮೊಬೈಲಿನಲ್ಲಿ ರೀಲ್ಸ್ ತಳ್ಳುತ್ತಾ ರಾತ್ರಿ ಎರಡು ಗಂಟೆ ಮಾಡುವವನ ರಕ್ತಕ್ಕೂ ಯಾರೋ ಏನೋ ಸೇರಿಸಿದ್ದಾರೆ. ಅವನಿಗೂ ಖುಷಿ ಇದೆ. ಅದು ಅರ್ಥ ಅಂತ ಅವನೇ ಒಪ್ಪುವುದಿಲ್ಲ, ಬೇಕಾದರೆ ಬೆಳಿಗ್ಗೆ ಕೇಳಿ ನೋಡಿ.

ಜಾನ್ ರಾಲ್ಸ್ ಅನ್ನುವ ಇನ್ನೊಬ್ಬ ತತ್ವಜ್ಞಾನಿ ಒಂದು ಉದಾಹರಣೆ ಕೊಡುತ್ತಾನೆ. ಒಬ್ಬ ಬಹಳ ಬುದ್ಧಿವಂತ, ಆದರೆ ಅವನಿಗೆ ಇರುವ ಒಂದೇ ಖುಷಿ ಅಂದರೆ ಹುಲ್ಲುಹಾಸಿನಲ್ಲಿ ಕೂತು ಹುಲ್ಲಿನ ಎಸಳು ಎಣಿಸುವುದು. ಇದನ್ನು ಓದಿದಾಗಲೆಲ್ಲ ನನಗೆ ಈ ಜಿಲ್ಲೆಯ ಒಂದು ಹಳ್ಳಿಯ ಒಬ್ಬ ಹಿರಿಯರು ನೆನಪಾಗುತ್ತಾರೆ. ಅವರೂ ಎಣಿಸುತ್ತಾರೆ. ಮಳೆ ಎಣಿಸುತ್ತಾರೆ. ಹಿತ್ತಲಲ್ಲಿ, ಗಿಡದ ನೆರಳು ಬೀಳದ ಜಾಗದಲ್ಲಿ ಒಂದು ಮಳೆ ಮಾಪಕ ನೆಟ್ಟಿದ್ದಾರೆ. ಮುಂಜಾನೆ ಎಂಟೂವರೆಗೆ, ಹವಾಮಾನ ಇಲಾಖೆಯವರು ನೋಡುವ ಹೊತ್ತಿಗೇ, ನೀರನ್ನು ಅಳತೆ ಗಾಜಿಗೆ ಸುರಿದು, ಕಣ್ಣು ಅದರ ಮಟ್ಟಕ್ಕೆ ಬಗ್ಗಿಸಿ ನೋಡಿ, ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಉದ್ದ ನೋಟ್‌ಬುಕ್, ಅಂಗಡಿಯವರು ಉದ್ರಿ ಬರೆದಿಡುವಂಥದ್ದು. ಎಡಕ್ಕೆ ತಾರೀಖು, ಅದರ ಪಕ್ಕ ಮಳೆಯ ಹೆಸರು, ಮಿರಗ, ಆರಿದ್ರಾ, ಪುನರ್ವಸು ಅಂತ, ಆಮೇಲೆ ಮಿಲಿಮೀಟರು. ಕೊನೆಯ ಅಂಕಣದಲ್ಲಿ ಒಂದೆರಡು ಮಾತು: "ಗಾಳಿ ಜಾಸ್ತಿ", "ಹಳ್ಳ ಬಂತು", "ಹೆಸರಿಗೆ ಹಳದಿ ರೋಗ". ಮಳೆ ಬೀಳದ ದಿನ ಸೊನ್ನೆ ಹಾಕುತ್ತಾರೆ, ಖಾಲಿ ಬಿಡುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವುದು 600 ಮಿಲಿಮೀಟರ್ ಆಸುಪಾಸು, ಹಾಗಾಗಿ ಸೊನ್ನೆಗಳೇ ಜಾಸ್ತಿ. ಪುಟಗಟ್ಟಲೆ ಸೊನ್ನೆ!

ಅವರ ಮನೆಯವರಿಗೆ ಮೊದಲು ಇದು ಹುಚ್ಚು ಅನಿಸುತ್ತಿತ್ತಂತೆ. ಈಗ ಬಿತ್ತುವ ಮುಂಚೆ ಓಣಿಯವರು ಬಂದು ಕಟ್ಟೆ ಮೇಲೆ ಕೂರುತ್ತಾರೆ. "ಮಾಮಾರ, ಆ ಬರಗಾಲದ ವರ್ಷ ಮಿರಗ ಎಷ್ಟಾಗಿತ್ತು ನೋಡ್ರಿ, ಈ ಸಲ ಅಷ್ಟ ಐತೇನು?" ಅವರು ಹಳೆಯ ನೋಟ್‌ಬುಕ್ ತೆಗೆಯುತ್ತಾರೆ. ಬಿತ್ತಬೇಕೋ ಇನ್ನೊಂದು ಮಳೆ ಕಾಯಬೇಕೋ ಅಂತ ಅಲ್ಲೇ ಚರ್ಚೆ ಆಗುತ್ತದೆ. ಬೆಳೆ ವಿಮೆಯ ತಕರಾರು ಬಂದಾಗಲೂ ಆ ನೋಟ್‌ಬುಕ್ ಹೊರಗೆ ಬರುತ್ತದೆ. ಅದನ್ನು ಕಚೇರಿಯಲ್ಲಿ ಯಾರೂ ಸಾಕ್ಷಿ ಅಂತ ಒಪ್ಪುವುದಿಲ್ಲ, ಆದರೂ ಬರುತ್ತದೆ.

ಹುಲ್ಲು ಎಣಿಸುವವನಿಗೂ ಇವರಿಗೂ ಏನು ವ್ಯತ್ಯಾಸ? ಇಬ್ಬರಿಗೂ ಎಣಿಸುವುದರಲ್ಲಿ ಮನಸ್ಸಿದೆ. ಇಬ್ಬರೂ ತಾವೇ ಆರಿಸಿಕೊಂಡದ್ದು. ವ್ಯತ್ಯಾಸ ಇರುವುದು ಅವರ ಒಳಗೆ ಅಲ್ಲ, ಹೊರಗೆ. ಸೂಸನ್ ವುಲ್ಫ್ ಅನ್ನುವ ತತ್ವಜ್ಞಾನಿ ಇದನ್ನು ಹೀಗೆ ಕೂಡಿಸುತ್ತಾರೆ: ಕೆಲಸ ನಿಮ್ಮ ಮನಸ್ಸನ್ನು ಹಿಡಿದಿರಬೇಕು, ಜೊತೆಗೆ ಅದು ಮನಸ್ಸು ಕೊಡಲು ಯೋಗ್ಯವೂ ಆಗಿರಬೇಕು. ಬರೀ ಮೊದಲನೆಯದು ಇದ್ದರೆ ರೀಲ್ಸ್. ಬರೀ ಎರಡನೆಯದು ಇದ್ದರೆ, ಬಹಳ ಒಳ್ಳೆಯ ಕೆಲಸವನ್ನು ಹಲ್ಲು ಕಚ್ಚಿ ಮಾಡುತ್ತಾ ನಿವೃತ್ತಿ ದಿನ ಎಣಿಸುವವರ ಗತಿ. ಯಾವುದು ಯೋಗ್ಯ ಅಂತ ಯಾರು ತೀರ್ಮಾನ ಮಾಡಬೇಕು ಅಂತ ನೀವು ಕೇಳುತ್ತೀರಿ. ಪಟ್ಟಿ ಯಾರ ಹತ್ತಿರವೂ ಇಲ್ಲ. ಆದರೆ ಪಟ್ಟಿ ಇಲ್ಲ ಅಂದರೆ ವ್ಯತ್ಯಾಸವೇ ಇಲ್ಲ ಅಂತ ಅಲ್ಲ. ಒಳ್ಳೆಯ ಹಾಡುಗಾರಿಕೆಗೂ ಕಿರುಚಾಟಕ್ಕೂ ಇರುವ ವ್ಯತ್ಯಾಸಕ್ಕೆ ಲಿಖಿತ ಕಾನೂನು ಇಲ್ಲ, ಆದರೂ ಧಾರವಾಡದ ಸಂಗೀತ ಕಚೇರಿಗಳಲ್ಲಿ ಕೂತು ಕೇಳಿದವರಿಗೆ ಅದು ಗೊತ್ತಾಗುತ್ತದೆ.

ನಾನು ಬಹಳ ಮೆಚ್ಚುವ ಒಂದು ಪ್ರಶ್ನೆ ಸ್ಯಾಮ್ಯುಯೆಲ್ ಶೆಫ್ಲರ್ ಅನ್ನುವ ತತ್ವಜ್ಞಾನಿ ಕೇಳಿದ್ದು. ನೀವು ಪೂರ್ತಿ ಆಯುಷ್ಯ ಬದುಕುತ್ತೀರಿ. ಸುಖವಾಗಿ ಸಾಯುತ್ತೀರಿ. ಆದರೆ ನೀವು ಸತ್ತ 30 ದಿನಕ್ಕೆ ಒಂದು ದೊಡ್ಡ ಆಕಾಶಕಲ್ಲು ಬಂದು ಬಡಿದು ಇಡೀ ಭೂಮಿ ನಾಶ ಆಗುತ್ತದೆ ಅಂತ ನಿಮಗೆ ಈಗಲೇ ಗೊತ್ತು. ನಿಮಗೆ ವೈಯಕ್ತಿಕವಾಗಿ ಏನೂ ನಷ್ಟ ಇಲ್ಲ, ನೀವು ಆಗಲೇ ಹೋಗಿರುತ್ತೀರಿ. ಈಗ ಹೇಳಿ, ನೀವು ಮಾಡುತ್ತಿರುವ ಯಾವ ಕೆಲಸ ಮುಂದುವರೆಸುತ್ತೀರಿ?

ಸ್ವಲ್ಪ ಹೊತ್ತು ತೆಗೆದುಕೊಳ್ಳಿ. ಕ್ಯಾನ್ಸರ್ ಔಷಧ ಹುಡುಕುವವನು ಹುಡುಕುತ್ತಾನಾ? ಹೊಲದ ಬದುವಿನಲ್ಲಿ ಮಾವಿನ ಸಸಿ ಹಚ್ಚುತ್ತೀರಾ? ಊರ ಕೆರೆಯ ಹೂಳು ತೆಗೆಸುತ್ತೀರಾ? ಇಲ್ಲೇ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದ ಮಗುವಿಗೆ ಷಡ್ಜ ಹಿಡಿಯುವುದನ್ನು ಕಲಿಸುವವರಿಗೆ, ಈ ಮಗುವಿನ ಹಾಡು ಮುಂದೆ ಕೇಳುವವರೇ ಇಲ್ಲ ಅಂತ ಗೊತ್ತಾದರೆ ಕಲಿಸುವ ಹುರುಪು ಅಷ್ಟೇ ಇರುತ್ತದಾ? ಪಂಚಾಕ್ಷರಿ ಗವಾಯಿಗಳು ಕಲಿಸಿದ್ದನ್ನು ಪುಟ್ಟರಾಜ ಗವಾಯಿಗಳು ಕಲಿಸಿದರು, 2010ರಲ್ಲಿ ಅವರು ತೀರಿಕೊಂಡ ಮೇಲೂ ಅಲ್ಲಿ ಮುಂಜಾನೆ ರಿಯಾಜು ನಿಂತಿಲ್ಲ. ಇಬ್ಬರಿಗೂ ಕಣ್ಣು ಇರಲಿಲ್ಲ. ತಾವು ನೋಡದ ಶಿಷ್ಯರ ಶಿಷ್ಯರ ಮೇಲೆ ಅವರ ಕೆಲಸ ನಿಂತಿತ್ತು.

ಶೆಫ್ಲರ್ ಹೇಳುವುದು ಇಷ್ಟು. ನಮಗೆ ನಮ್ಮ ಸಾವಿಗಿಂತ, ನಮ್ಮ ಮುಂದೆ ಯಾರೂ ಇರುವುದಿಲ್ಲ ಅನ್ನುವುದು ಜಾಸ್ತಿ ಕೈ ಕಟ್ಟಿಹಾಕುತ್ತದೆ. ನಮ್ಮ ಬದುಕಿನ ಬೆಲೆಯ ದೊಡ್ಡ ಪಾಲನ್ನು ನಾವು ಕಂಡು ಕೇಳರಿಯದ ಜನರ ಹತ್ತಿರ ಠೇವಣಿ ಇಟ್ಟಿದ್ದೇವೆ. ನಾವು ಬಹಳ ಸ್ವಾರ್ಥಿಗಳು ಅಂತ ಹೇಳಿಕೊಂಡು ತಿರುಗುತ್ತೇವೆ, ಅಷ್ಟೇನೂ ಸ್ವಾರ್ಥಿಗಳಲ್ಲ ಅಂತ ಈ ಒಂದು ಪ್ರಶ್ನೆಯಿಂದ ಗೊತ್ತಾಗುತ್ತದೆ.

ಇಲ್ಲಿಂದ ಲಕ್ಕುಂಡಿ ಹತ್ತು-ಹನ್ನೆರಡು ಕಿಲೋಮೀಟರು. ನೀವೆಲ್ಲ ಹೋಗಿ ಬಂದಿರುತ್ತೀರಿ, ಬಹುಶಃ ಶಾಲೆಯ ಟ್ರಿಪ್ಪಿನಲ್ಲಿ, ಬುತ್ತಿ ಕಟ್ಟಿಕೊಂಡು. ಅಲ್ಲಿ 1007ರಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದವಳು ಅತ್ತಿಮಬ್ಬೆ. ಗುಡಿಯ ಬಗ್ಗೆ ಗೈಡುಗಳು ಹೇಳುತ್ತಾರೆ, ನಾನು ಅವಳ ಬಗ್ಗೆ ಹೇಳುತ್ತೇನೆ. ಗಂಡ ನಾಗದೇವ ಚಾಲುಕ್ಯರ ಸೈನ್ಯದಲ್ಲಿದ್ದ, ಯುದ್ಧದಲ್ಲಿ ಸತ್ತ. ಅವಳ ತಂಗಿ ಗುಂಡಮಬ್ಬೆಯನ್ನೂ ಅವನಿಗೇ ಕೊಟ್ಟಿದ್ದರು. ತಂಗಿ ಚಿತೆ ಏರಿದಳು. ಅತ್ತಿಮಬ್ಬೆ ಏರಲಿಲ್ಲ. ಚಿಕ್ಕ ಮಗನನ್ನು ಇಟ್ಟುಕೊಂಡು ಉಳಿದಳು. ಆ ಕಾಲದಲ್ಲಿ ಉಳಿದುಕೊಂಡ ಹೆಣ್ಣಿನ ಬದುಕಿಗೆ ಯಾವ ಉದ್ದೇಶ ಅಂತ ಯಾರಾದರೂ ಕೇಳಿದ್ದರೆ ಸುತ್ತಲಿನವರು ಏನು ಹೇಳುತ್ತಿದ್ದರು ಅಂತ ಊಹೆ ಮಾಡಬಹುದು.

ಅವಳು ರನ್ನನಿಗೆ ಆಶ್ರಯ ಕೊಟ್ಟಳು, ಬಸದಿಗಳನ್ನು ಕಟ್ಟಿಸಿದಳು, ಕೈ ಬಿಚ್ಚಿ ದಾನ ಮಾಡಿದಳು. ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸುವುದು ಇನ್ನೊಂದು ಕೆಲಸ. ಪೊನ್ನ ಕವಿಯ ಶಾಂತಿಪುರಾಣದ 1000 ಪ್ರತಿ ಮಾಡಿಸಿ ಹಂಚಿದಳು. ಸಾವಿರ ಪ್ರತಿ ಅಂದರೆ ಈಗ ಗದಗಿನ ಯಾವ ಪ್ರೆಸ್ಸಿಗೆ ಹೋದರೂ ಒಂದು ವಾರದ ಕೆಲಸ, ಅದರಲ್ಲೂ ಎರಡು ದಿನ ಅವರು "ನಾಳೆ ಬರ್ರಿ" ಅನ್ನುವುದಕ್ಕೆ ಹೋಗುತ್ತದೆ. ಆಗ ತಾಳೆಗರಿ. ಗರಿಯನ್ನು ಹದ ಮಾಡಿ, ಒಂದೇ ಅಳತೆಗೆ ಕತ್ತರಿಸಿ, ತೂತು ಹಾಕಿ, ಕಬ್ಬಿಣದ ಮೊನೆಯಿಂದ ಒಂದೊಂದೇ ಅಕ್ಷರ ಕೊರೆಯಬೇಕು. ಒತ್ತಿದರೆ ಗರಿ ಸೀಳುತ್ತದೆ, ಹಗುರಾದರೆ ಅಕ್ಷರ ಮೂಡುವುದಿಲ್ಲ. ಆಮೇಲೆ ಮಸಿ ಸವರಿ ಒರೆಸಿದರೆ ಕೊರೆದ ಗೆರೆ ಕಪ್ಪಗೆ ಕಾಣುತ್ತದೆ. ಒಂದು ಇಡೀ ಪುರಾಣ, ಹೀಗೆ, ಸಾವಿರ ಸಲ. ಎಷ್ಟು ಜನ ಕೂತಿರಬೇಕು, ಎಷ್ಟು ಜನರ ಬೆನ್ನು ಹಿಡಿದಿರಬೇಕು! ಅವರ ಹೆಸರು ನಮಗೆ ಗೊತ್ತಿಲ್ಲ.

ತಾಳೆಗರಿ ಕೆಲವು ನೂರು ವರ್ಷ ಬಾಳುತ್ತದೆ, ಆಮೇಲೆ ಹುಳ ತಿನ್ನುತ್ತದೆ, ಪುಡಿಯಾಗುತ್ತದೆ. ಅದು ಅವರಿಗೆ ಗೊತ್ತಿದ್ದೇ ಇತ್ತು. ಹಾಳಾಗುವ ಮೊದಲು ಮುಂದೆ ಯಾರೋ ಕೂತು ಮತ್ತೆ ಕೊರೆಯಬೇಕು, ಇಲ್ಲದಿದ್ದರೆ ಸಾವಿರ ಪ್ರತಿಯೂ ಮಣ್ಣು. ಅಂದರೆ ಆ ಕೆಲಸ ಮಾಡಿಸುವಾಗಲೇ, ನಾನು ಸತ್ತ ಮೇಲೆ ಇದನ್ನು ಕೈಗೆತ್ತಿಕೊಳ್ಳುವವರು ಯಾರೋ ಇದ್ದಾರೆ ಅನ್ನುವ ನಂಬಿಕೆ ಅದರೊಳಗೆ ಸೇರಿತ್ತು. ಯಾರೋ ಇದ್ದರು ಕೂಡ. ಶಾಂತಿಪುರಾಣ ಇವತ್ತೂ ಓದಲು ಸಿಗುತ್ತದೆ. ಇದೇ ಸೀಮೆಯಲ್ಲಿ, 1905ರಲ್ಲಿ, ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದ್ದೂ ಅದೇ ಥರದ ನಂಬಿಕೆಯಿಂದ. ಸಂಘ ಅಂದಮೇಲೆ ನಾನು ಹೋದರೂ ಅದು ನಡೆಯಬೇಕು, ಇಲ್ಲದಿದ್ದರೆ ಅದಕ್ಕೆ ಸಂಘ ಅಂತ ಯಾಕೆ ಅನ್ನಬೇಕು?

ಅದಕ್ಕೇ ನಾನು ಸಾರ್ತ್ರ್‌ಗೆ ಅರ್ಧ ಒಪ್ಪಿಗೆ ಅಂದದ್ದು. ಆಯ್ಕೆ ನಮ್ಮದು, ನಿಜ. ಆದರೆ ಆಯ್ಕೆ ಮಾಡಲು ಅಲ್ಲಿ ಏನಾದರೂ ಇರಬೇಕಲ್ಲ. ಅದನ್ನು ನಾವು ಖಾಲಿ ಕೂತು ಸೃಷ್ಟಿ ಮಾಡುವುದಿಲ್ಲ. ನಾವು ಹುಟ್ಟುವ ಮುಂಚೆಯೇ ನಡೆದಿರುವ ಕೆಲಸಗಳು ಇರುತ್ತವೆ. ಹಾಡು, ಹೊಲ, ಓದಿಸುವುದು, ಕಾಯಿಲೆ ನೋಡುವುದು, ಮಳೆ ಲೆಕ್ಕ. ನಾವು ನಡುವೆ ಬಂದು ಸೇರುತ್ತೇವೆ, ನಡುವೆಯೇ ಬಿಟ್ಟು ಹೋಗುತ್ತೇವೆ. ಧಾರವಾಡ, ಹುಬ್ಬಳ್ಳಿಯಲ್ಲಿ ನಿವೃತ್ತರಾದವರು ನನ್ನ ಹತ್ತಿರ "ಮಕ್ಕಳು ಸೆಟ್ಲ್ ಆದ್ರು, ಮನಿ ಆತು, ಇನ್ನೇನದ?" ಅಂತ ಬಂದಾಗ ನಾನು ಅವರಿಗೆ ಬದುಕಿನ ಅರ್ಥದ ಬಗ್ಗೆ ಪುಸ್ತಕ ಕೊಡುವುದಿಲ್ಲ. ನೀವು ಬಿಟ್ಟರೆ ನಿಂತುಹೋಗುವಂಥದ್ದು ಯಾವುದಾದರೂ ನಿಮ್ಮ ಕೈಯಲ್ಲಿದೆಯಾ ಅಂತ ಕೇಳುತ್ತೇನೆ. ಬ್ಯಾಂಕಿನಲ್ಲಿದ್ದ ಒಬ್ಬರು ಸ್ವಲ್ಪ ಯೋಚನೆ ಮಾಡಿ, "ನಮ್ಮ ಅವ್ವನ ಉಪ್ಪಿನಕಾಯಿ ಲೆಕ್ಕ ನನಗೊಬ್ಬನಿಗೇ ಗೊತ್ತೈತ್ರಿ" ಅಂದರು. ನಕ್ಕೆವು. ಅದೂ ಒಂದು ಶುರುವಾತೇ.

ಮಾತು ಮುಗಿದ ಮೇಲೆ ಪ್ರಶ್ನೆಗಳಿದ್ದವು. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ತಾಯಿ ಎದ್ದು ನಿಂತರು.

"ಆ ಕಲ್ಲು ಉರುಳಿಸಾಂವನ ಕಥಿ ಹೇಳಿದ್ರಲ್ರಿ ಸರ್, ನನ್ನ ಪಾಲಿಗೆ ಆ ಕಲ್ಲು ಅಂದ್ರ ರೊಟ್ಟಿ. ಮುಂಜಾನೆ ಬಡದದ್ದು ರಾತ್ರಿಗೆ ಖಾಲಿ. ಮತ್ತ ಮರುದಿನ ಎಸರಿಡೋದು, ಹಿಟ್ಟು ನಾದೋದು, ಬಡಿಯೋದು. ಮದಿವಿ ಆದಾಗಿಂದ ಇದೇ. ಇದಕ್ಕೇನ ಹೇಳ್ತೀರಿ?"

ಇದು ಇಡೀ ಸಂಜೆಯ ಒಳ್ಳೆಯ ಪ್ರಶ್ನೆ. ಸುಲಭದ ಉತ್ತರ ನನ್ನ ನಾಲಿಗೆ ತುದಿಯಲ್ಲೇ ಇತ್ತು: ಅಮ್ಮಾ, ಅನ್ನ ಹಾಕುವುದಕ್ಕಿಂತ ದೊಡ್ಡ ಅರ್ಥ ಯಾವುದಿದೆ, ಕಾಯಕವೇ ಕೈಲಾಸ. ಅದನ್ನು ಹೇಳಲಿಲ್ಲ. ರೊಟ್ಟಿ ಯೋಗ್ಯವಾದ ಕೆಲಸ ಅನ್ನುವುದರಲ್ಲಿ ಯಾರಿಗೂ ಅನುಮಾನ ಇಲ್ಲ, ಇಡೀ ಮನೆ ಅದರ ಮೇಲೆ ನಡೆಯುತ್ತದೆ. ಅವರು ಕೇಳಿದ್ದು ಅದನ್ನಲ್ಲ. ಈ ಕೆಲಸ ನನ್ನೊಬ್ಬಳಿಗೇ ಅಂತ ಯಾರು ಗೊತ್ತು ಮಾಡಿದರು, ನನ್ನನ್ನು ಯಾರಾದರೂ ಕೇಳಿದರಾ ಅನ್ನುವುದು ಅವರ ಪ್ರಶ್ನೆ. ಅದು ನ್ಯಾಯದ ಪ್ರಶ್ನೆ. ಅದಕ್ಕೆ ಬದುಕಿನ ಅರ್ಥದ ಉತ್ತರ ಕೊಟ್ಟರೆ ಮೋಸ ಮಾಡಿದ ಹಾಗೆ. ಶರಣರು ಕಾಯಕ ಅಂದಾಗ ಎಲ್ಲರೂ ಮಾಡಬೇಕು ಅಂದರು, ದೊಡ್ಡವರಿಗೆ ರಿಯಾಯಿತಿ ಇರಲಿಲ್ಲ. ನಾವು ಅದನ್ನು ಚರಂಡಿ ಬಳಿಯುವವರಿಗೆ, ಕಸ ಎತ್ತುವವರಿಗೆ, ಮನೆಯ ಹೆಂಗಸರಿಗೆ ಹೇಳುವ ಮಾತು ಮಾಡಿಕೊಂಡಿದ್ದೇವೆ.

ಇಷ್ಟು ಹೇಳಿ, ಸಭೆಯಲ್ಲಿದ್ದ ಗಂಡಸರಲ್ಲಿ ರೊಟ್ಟಿ ಮಾಡಲು ಬರುವವರು ಕೈ ಎತ್ತಿ ಅಂದೆ. ನನ್ನ ನಿರೀಕ್ಷೆಗಿಂತ ಜಾಸ್ತಿ ಕೈ ಮೇಲೆ ಬಂದವು. ಆ ತಾಯಿ ಹಿಂದಕ್ಕೆ ತಿರುಗಿ ಎಲ್ಲರನ್ನೂ ಒಮ್ಮೆ ನೋಡಿದರು. "ಬರತೈತಿ ಅನ್ನೋದು ಇರ್ಲಿ ಸರ್," ಅಂದರು, "ಇವತ್ತು ಮುಂಜಾನೆ ಯಾರ್ಯಾರು ಮಾಡ್ಯಾರ, ಅದನ್ನ ಕೇಳ್ರಿ."

ಕೇಳಿದೆ. ಇಬ್ಬರು ಉಳಿದರು. ಒಬ್ಬರು ಖಾನಾವಳಿ ನಡೆಸುವವರು.